ಡಿಕ್ಕಿಯಲ್ಲಿರುವ ಫ್ರಿಜ್ಜಿಗೆ ಕರೆಂಟ್ ಎಲ್ಲಿಂದ?

ಕಾರಲ್ಲಿ ಫ್ರಿಜ್ ಇಟ್ಟುಕೊಂಡು ಟೆಂಟ್ ಹಾಕಲು ಹೋಗುತ್ತೇವೆ ಅಂದರೆ ಜನ ಮೊದಲು ಕೇಳುವುದು ಅದರ ಬೆಲೆ. ಬೆಲೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ, 'ಅಲ್ಲ ಮಾರಾಯ, ಬೆಳಿಗ್ಗೆ ಕಾರು ಸ್ಟಾರ್ಟ್ ಆಗತ್ತಾ?' ಅಂತಾರೆ. ಈ ಎರಡನೇ ಪ್ರಶ್ನೆ ಸರಿಯಾದ ಪ್ರಶ್ನೆ. ಪುಣೆಯ ನಮ್ಮ ಕನ್ನಡದವರ ಗುಂಪಿನಲ್ಲಿ ಈಚೆಗೆ ಒಬ್ಬರನ್ನು ನೋಡಿ ಒಬ್ಬರು ಈ ಫ್ರಿಜ್ ತಗೊಳ್ಳುತ್ತಿದ್ದಾರೆ. ತಗೊಂಡ ವಾರಕ್ಕೇ ನನಗೆ ಫೋನು. ಎಲ್ಲರಿಗೂ ಅದನ್ನೇ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಒಂದೇ ಸಲ ಬರೆದುಬಿಡುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಎಲ್ಲರೂ ಬ್ಯಾಟರಿ ಎಷ್ಟು ದೊಡ್ಡದು ಬೇಕು ಅಂತ ಕೇಳುತ್ತಾರೆ. ಫ್ರಿಜ್ಜಿನ ಕೆಲಸವನ್ನು ಎಷ್ಟು ಕಡಿಮೆ ಮಾಡಬಹುದು ಅಂತ ಯಾರೂ ಕೇಳುವುದಿಲ್ಲ. ಪುಣೆಯಿಂದ ಶುಕ್ರವಾರ ರಾತ್ರಿ ಇಲ್ಲವೇ ಶನಿವಾರ ಬೆಳಿಗ್ಗೆ ಹೊರಟು ಭಾನುವಾರ ವಾಪಸಾಗುವ ನಮ್ಮಂಥವರಿಗೆ ಕರೆಂಟ್ ಕೂಡಿಡುವುದಕ್ಕಿಂತ ತಂಪು ಕೂಡಿಡುವುದು ತುಂಬಾ ಅಗ್ಗ. ಇದರ ಲೆಕ್ಕ ಮುಂದೆ ಕೊಡುತ್ತೇನೆ.

ಅದಕ್ಕೆ ಮೊದಲು ಒಂದು ಮಾತು. 'ಕಾರ್ ಫ್ರಿಜ್' ಅಂತ ಆನ್‌ಲೈನಲ್ಲಿ ಸಿಗುವುದರಲ್ಲಿ ಎರಡು ಜಾತಿ ಇದೆ. ನಾಲ್ಕೈದು ಸಾವಿರಕ್ಕೆ ಸಿಗುವ ಸಣ್ಣ ಡಬ್ಬಗಳಲ್ಲಿ ಕಂಪ್ರೆಸರ್ ಇರುವುದಿಲ್ಲ. ಅದರೊಳಗೆ ಪೆಲ್ಟಿಯರ್ ಪ್ಲೇಟ್ ಇರುತ್ತದೆ, ಕರೆಂಟ್ ಹರಿಸಿದರೆ ಒಂದು ಮೈ ತಣ್ಣಗಾಗಿ ಇನ್ನೊಂದು ಮೈ ಬಿಸಿಯಾಗುವಂಥದ್ದು. 1834ರಲ್ಲೇ ಗೊತ್ತಾದ ವಿದ್ಯೆ. ಹೊರಗಿನ ಸೆಕೆಗಿಂತ 15ರಿಂದ 20 ಡಿಗ್ರಿ ಕಡಿಮೆ ಮಾಡುತ್ತದೆ, ಅಷ್ಟೇ ಅದರ ತಾಕತ್ತು. ಮೇ ತಿಂಗಳಲ್ಲಿ ಕೊಂಕಣದ ಕಡೆ ಹೋದರೆ ಹೊರಗೆ 35 ಇರುತ್ತದೆ, ಒಳಗೆ 15ಕ್ಕಿಂತ ಕೆಳಗೆ ಇಳಿಯುವುದು ಕಷ್ಟ. ನೀರು, ಕೋಲ್ಡ್ರಿಂಕ್ಸ್‌ಗೆ ಸರಿ, ಹಾಲಿಗೆ ಸಾಲದು. ಅದಕ್ಕಿಂತ ದೊಡ್ಡ ತೊಂದರೆ ಅಂದರೆ ಅದು ನಿಲ್ಲುವುದೇ ಇಲ್ಲ. ನಾಲ್ಕೈದು ಆಂಪ್ಸ್ ಇಡೀ ದಿನ ಎಳೆಯುತ್ತಲೇ ಇರುತ್ತದೆ. ದಿನಕ್ಕೆ 100 ಎಎಚ್ (ಆಂಪ್ ಅವರ್, ಒಂದು ಆಂಪ್ ಒಂದು ಗಂಟೆ ಹರಿದರೆ ಒಂದು ಎಎಚ್) ಅಂದುಕೊಳ್ಳಿ. ಇದನ್ನು ಓಡುತ್ತಿರುವ ಕಾರಿನಲ್ಲಿ ಮಾತ್ರ ಬಳಸಬೇಕು. ನಿಂತ ಕಾರಿಗೆ ಹಾಕಿ ಮಲಗಿದರೆ ಬೆಳಿಗ್ಗೆ ತಳ್ಳುವುದೇ.

ನಾನು ಹೇಳುವುದೆಲ್ಲ ಕಂಪ್ರೆಸರ್ ಇರುವ ಫ್ರಿಜ್ಜಿಗೆ. ನಮ್ಮ ಮನೆಯದು 40 ಲೀಟರಿನ ಸುತ್ತಮುತ್ತ ಇರುವಂಥದ್ದು. ಕಂಪ್ರೆಸರ್ ಓಡುವಾಗ 45 ವ್ಯಾಟ್ ಎಳೆಯುತ್ತದೆ, ಅಂದರೆ 12 ವೋಲ್ಟಿನಲ್ಲಿ ನಾಲ್ಕು ಆಂಪ್ಸಿಗೆ ಸ್ವಲ್ಪ ಕಡಿಮೆ. ಬೇಕಾದಷ್ಟು ತಣ್ಣಗಾದ ಮೇಲೆ ನಿಲ್ಲುತ್ತದೆ, ಮತ್ತೆ ಬಿಸಿಯಾದರೆ ಓಡುತ್ತದೆ. ನೆರಳಿನಲ್ಲಿ, 30 ಡಿಗ್ರಿ ಆಸುಪಾಸಿನಲ್ಲಿ, 4 ಡಿಗ್ರಿಗೆ ಸೆಟ್ ಮಾಡಿದರೆ ಗಂಟೆಯಲ್ಲಿ ಸುಮಾರು 40 ಪರ್ಸೆಂಟ್ ಹೊತ್ತು ಓಡುತ್ತದೆ ಅಂತಿಟ್ಟುಕೊಳ್ಳಿ. ಸರಾಸರಿ 18 ವ್ಯಾಟ್ ಆಯಿತು. 24 ಗಂಟೆಗೆ 430 ವ್ಯಾಟ್ ಅವರ್. ಕರೆಂಟ್ ಬಿಲ್ಲಿನಲ್ಲಿ 'ಯುನಿಟ್' ಅಂತ ಬರುತ್ತಲ್ಲ, ಅದು 1000 ವ್ಯಾಟ್ ಅವರ್. ಅಂದರೆ ದಿನಕ್ಕೆ ಅರ್ಧ ಯುನಿಟ್ಟೂ ಇಲ್ಲ. ಮನೆಯಲ್ಲಾದರೆ ಲೆಕ್ಕಕ್ಕೇ ಬಾರದ ಕರೆಂಟ್ ಇದು. ಬಿಸಿಲಲ್ಲಿ ನಿಂತ ಕಾರಿನೊಳಗಾದರೆ ಕಂಪ್ರೆಸರ್ 60 ಪರ್ಸೆಂಟ್ ಓಡಿದರೂ ಆಶ್ಚರ್ಯ ಇಲ್ಲ, ಆಗ 650ರ ಹತ್ತಿರ ಹೋಗುತ್ತದೆ. ರಾತ್ರಿ ತಂಪಿನಲ್ಲಿ, ಮುಚ್ಚಳ ಯಾರೂ ತೆರೆಯದಿದ್ದಾಗ 30 ಪರ್ಸೆಂಟಿಗೂ ಇಳಿಯುತ್ತದೆ. ಅದೇ ಫ್ರಿಜ್, ಅದೇ ಸಾಮಾನು, ಆದರೆ ಇಟ್ಟ ಜಾಗದ ಮೇಲೆ ಖರ್ಚು ಒಂದೂವರೆ ಪಟ್ಟು ಆಗುತ್ತದೆ ಅನ್ನುವುದನ್ನು ಇಲ್ಲೇ ಗಮನಿಸಿ.

ಈಗ ಕಾರಿನ ಬ್ಯಾಟರಿಗೆ ಬರೋಣ. ಸಣ್ಣ ಪೆಟ್ರೋಲ್ ಕಾರಿಗೆ 35ರಿಂದ 45 ಎಎಚ್ ಬ್ಯಾಟರಿ ಇರುತ್ತದೆ. ದೊಡ್ಡ ಡೀಸೆಲ್ ಗಾಡಿಗೆ 65-70. ಇದರಲ್ಲಿ ತೆಳ್ಳಗಿನ ಸೀಸದ ಪ್ಲೇಟುಗಳು ಜಾಸ್ತಿ ಇರುತ್ತವೆ, ಯಾಕೆಂದರೆ ಎಂಜಿನ್ ತಿರುಗಿಸಲು ಒಂದೆರಡು ಸೆಕೆಂಡ್ ನೂರಾರು ಆಂಪ್ಸ್ ಕೊಡಬೇಕು. ಅಷ್ಟು ಕೊಟ್ಟು ಸುಮ್ಮನಾಗುವುದು ಅದರ ಕೆಲಸ. ಅದನ್ನು ಇಡೀ ರಾತ್ರಿ ಫ್ರಿಜ್ಜಿಗೆ ಹಚ್ಚುವುದು ನೂರು ಮೀಟರ್ ಓಟಗಾರನನ್ನು ಪಂಢರಪುರದ ವಾರಿ ಪಾದಯಾತ್ರೆಗೆ ಕಳಿಸಿದ ಹಾಗೆ. ಒಂದೆರಡು ಸಲ ಪೂರ್ತಿ ಇಳಿಸಿದರೆ ಬ್ಯಾಟರಿಯ ಆಯಸ್ಸೇ ಕಡಿಮೆಯಾಗುತ್ತದೆ.

ಲೆಕ್ಕ ಹಾಕಿ ನೋಡಿ. ಸಂಜೆ ನಾಲ್ಕಕ್ಕೆ ಕ್ಯಾಂಪ್ ಜಾಗ ತಲುಪಿ ಎಂಜಿನ್ ಆಫ್ ಮಾಡಿದಿರಿ. ರಾತ್ರಿ ಹತ್ತರವರೆಗೆ ಮಕ್ಕಳು ಹತ್ತು ಸಲ ಮುಚ್ಚಳ ತೆಗೆಯುತ್ತಾರೆ, ಅಷ್ಟರಲ್ಲೇ 10 ಎಎಚ್ ಹೋಯಿತು. ಬೆಳಗಿನ ಏಳರವರೆಗೆ ಇನ್ನೊಂದು 10. ಒಟ್ಟು 20. ಹೊಸ 70 ಎಎಚ್ ಬ್ಯಾಟರಿಯ ಡೀಸೆಲ್ ಗಾಡಿ ಇದನ್ನು ತಡೆದುಕೊಳ್ಳುತ್ತದೆ. 35 ಎಎಚ್‌ನ ಮೂರು ವರ್ಷ ಹಳೆಯ ಬ್ಯಾಟರಿ ತಡೆದುಕೊಳ್ಳುವುದಿಲ್ಲ. ಜೊತೆಗೆ ಡಿಕ್ಕಿ ಬಾಗಿಲು ತೆರೆದಿಟ್ಟು ಕೂತಿರುತ್ತೇವಲ್ಲ, ಅದರ ಲೈಟ್ ಒಂದೇ ಅಲ್ಲ, ಈಗಿನ ಕಾರುಗಳಲ್ಲಿ ಬಾಗಿಲು ತೆರೆದಿದ್ದರೆ ಒಳಗಿನ ಕಂಪ್ಯೂಟರುಗಳು ಪೂರ್ತಿ ಮಲಗುವುದೇ ಇಲ್ಲ, ಅವೂ ತಮ್ಮ ಪಾಲು ತಿನ್ನುತ್ತವೆ.

'ನನ್ನ ಫ್ರಿಜ್ಜಲ್ಲಿ ಬ್ಯಾಟರಿ ಪ್ರೊಟೆಕ್ಷನ್ ಇದೆ, ಹೈನಲ್ಲಿಟ್ಟರೆ ಆಯ್ತು' ಅಂತ ಎಲ್ಲರೂ ಹೇಳುತ್ತಾರೆ. ಇದೆ, ನಿಜ, ಬ್ಯಾಟರಿಯ ವೋಲ್ಟೇಜ್ ಒಂದು ಮಟ್ಟಕ್ಕೆ ಇಳಿದರೆ ಫ್ರಿಜ್ ತಾನೇ ಆಫ್ ಆಗುತ್ತದೆ. ಬಹಳ ಮಾಡೆಲ್‌ಗಳಲ್ಲಿ ಹೈ, ಮೀಡಿಯಂ, ಲೋ ಅಂತ ಮೂರು ಇರುತ್ತವೆ. ಹೈ ಅಂದರೆ ಸಾಮಾನ್ಯವಾಗಿ 11.1 ವೋಲ್ಟಿನ ಹತ್ತಿರ ಆಫ್ ಆಗುತ್ತದೆ. ಆದರೆ ಸೀಸದ ಬ್ಯಾಟರಿ ಪೂರ್ತಿ ತುಂಬಿದಾಗ 12.7, ಅರ್ಧ ಆದಾಗ 12.2. ನಾಲ್ಕು ಆಂಪ್ಸಿನ ಸಣ್ಣ ಲೋಡಿಗೇ 11.1ಕ್ಕೆ ಬಂತು ಅಂದರೆ ಅದರಲ್ಲಿ ಉಳಿದಿರುವುದು ಅಷ್ಟಕ್ಕಷ್ಟೆ. ಕಾರು ಸ್ಟಾರ್ಟ್ ಆದರೆ ನಿಮ್ಮ ಪುಣ್ಯ. ಪವನಾ ಕೆರೆಯ ದಂಡೆಯಲ್ಲಿ ನಮ್ಮ ಗುಂಪಿನವರೇ ಒಬ್ಬರ ಕಾರು ಹೀಗೆ ನಿಂತು, ಬೆಳಿಗ್ಗೆ ಜಂಪರ್ ಕೇಬಲ್ ಹುಡುಕಿಕೊಂಡು ಪಕ್ಕದ ಟೆಂಟಿನವರನ್ನೆಲ್ಲ ಎಬ್ಬಿಸಿದ್ದಾಯಿತು. ಅವರು ಫ್ರಿಜ್ಜನ್ನು ಹೈನಲ್ಲೇ ಇಟ್ಟಿದ್ದರು. ಯಾವ ವಿಧಾನ ಮಾಡಿದರೂ ಜಂಪರ್ ಕೇಬಲ್ಲೋ, ಸಣ್ಣ ಜಂಪ್ ಸ್ಟಾರ್ಟರ್ರೋ ಜೊತೆಗಿರಲಿ.

ಇನ್ನು ವೈರ್. ನನ್ನ ಪ್ರಕಾರ ಅರ್ಧಕ್ಕರ್ಧ ತೊಂದರೆ ಇಲ್ಲೇ ಇದೆ, ಆದರೆ ಬೈಸಿಕೊಳ್ಳುವುದು ಮಾತ್ರ ಬ್ಯಾಟರಿ.

ಕಾರಿನ 12 ವೋಲ್ಟ್ ಸಾಕೆಟ್ ಹುಟ್ಟಿದ್ದು ಸಿಗರೇಟ್ ಹಚ್ಚಲಿಕ್ಕೆ. ಹತ್ತು ಸೆಕೆಂಡ್ ಬಿಸಿಯಾಗಿ ಹೊರಗೆ ಬರುವ ವಸ್ತುವಿಗಾಗಿ ಮಾಡಿದ ಸಾಕೆಟ್ಟಿನಲ್ಲಿ ನಾವು ದಿನಗಟ್ಟಲೆ ಫ್ರಿಜ್ ಓಡಿಸುತ್ತೇವೆ. ಒಳಗಿರುವುದು ಒಂದು ಸ್ಪ್ರಿಂಗ್ ಪಿನ್ ಮತ್ತು ಎರಡು ಲೋಹದ ಪಟ್ಟಿ. ತಾಮ್ಹಿಣಿ ಘಾಟಿನ ತಿರುವುಗಳಲ್ಲಿ ಪ್ಲಗ್ ಒಂದು ಕೂದಲಿನಷ್ಟು ಸಡಿಲವಾದರೂ ಸಾಕು, ಆ ಜಾಗ ಬಿಸಿಯಾಗುತ್ತದೆ, ವೋಲ್ಟೇಜ್ ಬೀಳುತ್ತದೆ, ಫ್ರಿಜ್ ಎರರ್ ತೋರಿಸಿ ನಿಲ್ಲುತ್ತದೆ. ಹಿಂದಿನ ಸೀಟಿನಲ್ಲಿ ಕೂತವರಿಗೆ ಗೊತ್ತೇ ಆಗುವುದಿಲ್ಲ. ಊಟಕ್ಕೆ ನಿಲ್ಲಿಸಿದಾಗ ಪ್ಲಗ್ಗಿನ ತುದಿ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲು ಆಗದಷ್ಟು ಬಿಸಿ ಇದ್ದರೆ ತೆಗೆದುಬಿಡಿ. ಬಹಳ ಕಾರುಗಳಲ್ಲಿ ಈ ಸಾಕೆಟ್ ಇಗ್ನಿಷನ್ ಆಫ್ ಆದರೆ ತಾನೂ ಆಫ್ ಆಗುತ್ತದೆ, ಅದು ಒಳ್ಳೆಯದೇ. ಕೆಲವು ಗಾಡಿಗಳಲ್ಲಿ ಡಿಕ್ಕಿಯ ಸಾಕೆಟ್ ಯಾವಾಗಲೂ ಆನ್ ಇರುತ್ತದೆ. ನಿಮ್ಮದು ಯಾವುದು ಅಂತ ಮೊಬೈಲ್ ಚಾರ್ಜರ್ ಹಾಕಿ ಮನೆಯಲ್ಲೇ ನೋಡಿಕೊಳ್ಳಿ.

ಬಾನೆಟ್ಟಿನಿಂದ ಡಿಕ್ಕಿಗೆ ಐದು ಮೀಟರ್ ವೈರ್ ಬೇಕಾಗುತ್ತದೆ ಅನ್ನಿ. ಹೋಗಿ ಬರುವ ದಾರಿ ಸೇರಿ ಹತ್ತು ಮೀಟರ್. 1 ಸ್ಕ್ವೇರ್ ಎಂಎಂ ತಾಮ್ರದ ವೈರಿನಲ್ಲಿ 5 ಆಂಪ್ಸ್ ಹರಿದರೆ ದಾರಿಯಲ್ಲೇ 0.86 ವೋಲ್ಟ್ ಕಳೆದುಹೋಗುತ್ತದೆ. ಬ್ಯಾಟರಿಯಲ್ಲಿ ಆರಾಮಾಗಿ 12 ಇದೆ, ಫ್ರಿಜ್ಜಿಗೆ ಕಾಣುವುದು ಮಾತ್ರ 11.1. ಅದು ಬ್ಯಾಟರಿ ಖಾಲಿ ಅಂದುಕೊಂಡು ನಿಲ್ಲುತ್ತದೆ. ಅದೇ 4 ಸ್ಕ್ವೇರ್ ಎಂಎಂ ಹಾಕಿದರೆ ಕಳೆದುಹೋಗುವುದು 0.2 ವೋಲ್ಟ್ ಅಷ್ಟೇ. ಈ ವ್ಯತ್ಯಾಸಕ್ಕೆ ಖರ್ಚು ಕೆಲವು ನೂರು ರೂಪಾಯಿ. ಇದನ್ನು ಬಿಟ್ಟು ಜನ ಹತ್ತಾರು ಸಾವಿರದ ದೊಡ್ಡ ಬ್ಯಾಟರಿ ತರುತ್ತಾರೆ, ಅದನ್ನೂ ಅದೇ ತೆಳ್ಳಗಿನ ವೈರಿಗೆ ಹಚ್ಚುತ್ತಾರೆ.

ವೈರಿಗೆ ನಾನು ಬುಧವಾರ ಪೇಠೆಯ ತಪಕೀರ್ ಗಲ್ಲಿಗೆ ಹೋಗುತ್ತೇನೆ. ಎಲೆಕ್ಟ್ರಿಕ್ ಸಾಮಾನಿಗೆ ಪುಣೆಯಲ್ಲಿ ಅದೇ ಗಲ್ಲಿ. ಪಾರ್ಕಿಂಗ್ ಆಸೆ ಬಿಟ್ಟು ಆಟೋದಲ್ಲಿ ಹೋಗಿ. ಅಲ್ಯೂಮಿನಿಯಮ್ಮಿನ ಮೇಲೆ ತಾಮ್ರ ಸವರಿದ ವೈರೂ ಮಾರುಕಟ್ಟೆಯಲ್ಲಿ ಇದೆ, ನೋಡಲು ಒಂದೇ ಥರ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಬೇಡ. ಫಿಟ್ ಮಾಡುವವರು ಫ್ಯೂಸ್ ಎಲ್ಲಿ ಅಂದರೆ 'ಕಾಹಿ ಹೋತ್ ನಾಹಿ, ಸಾಹೇಬ್' ಅಂತಾರೆ. ಏನೂ ಆಗಲ್ಲ ಅಂತ. ಫ್ಯೂಸ್ ಇರಲೇಬೇಕು, ಅದೂ ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ, ಒಂದು ಗೇಣಿನೊಳಗೆ. ಡಿಕ್ಕಿಯ ತುದಿಯಲ್ಲಿ ಹಾಕಿದರೆ ಮಧ್ಯದಲ್ಲಿ ವೈರ್ ಕತ್ತರಿಸಿ ಕಾರಿನ ಲೋಹದ ಮೈಗೆ ತಾಗಿದಾಗ ಅದು ಯಾವ ಉಪಯೋಗಕ್ಕೂ ಬರುವುದಿಲ್ಲ, ವೈರೇ ಉರಿಯುತ್ತದೆ. ಫ್ರಿಜ್ ಒಂದಕ್ಕೇ ಆದರೆ 15 ಆಂಪ್ಸ್ ಫ್ಯೂಸ್ ಸಾಕು. ಇನ್ನೊಂದು ತುದಿಯಲ್ಲಿ ಸಿಗರೇಟ್ ಸಾಕೆಟ್ ಬೇಡ, ಆಂಡರ್ಸನ್ ಕನೆಕ್ಟರ್ ಹಾಕಿಸಿ. ಒಮ್ಮೆ ಹಿಡಿದರೆ ಘಾಟ್ ರಸ್ತೆಗೂ ಅಲುಗಾಡುವುದಿಲ್ಲ. ಹೊಸ ಕಾರಿನಲ್ಲಿ ವಾರಂಟಿ ಇನ್ನೂ ಇದ್ದರೆ ಕಂಪನಿಯ ವೈರಿಂಗ್ ಕತ್ತರಿಸಲು ಯಾರಿಗೂ ಬಿಡಬೇಡಿ. ಬ್ಯಾಟರಿಯಿಂದ ಬೇರೆಯೇ ಲೈನ್ ಎಳೆಯುವುದು ಬೇರೆ, ಇರುವ ಲೈನಿಗೆ ಕೈ ಹಾಕುವುದು ಬೇರೆ.

ಹಾಗಾದರೆ ನಿಂತ ಕಾರಿನಲ್ಲಿ ಫ್ರಿಜ್ಜಿಗೆ ಕರೆಂಟ್ ಎಲ್ಲಿಂದ? ಕಾರು ಓಡುವಾಗ ಕಾರಿನಿಂದ, ನಿಂತಾಗ ಬೇರೆ ಬ್ಯಾಟರಿಯಿಂದ. ಬಾನೆಟ್ ಕೆಳಗಿನ ಬ್ಯಾಟರಿ ಕಾರು ಸ್ಟಾರ್ಟ್ ಮಾಡಲು ಮಾತ್ರ ಇರಲಿ.

ಆ ಬೇರೆ ಬ್ಯಾಟರಿಗೆ ಸುಲಭದ ದಾರಿ ಪವರ್ ಸ್ಟೇಷನ್, ಅಂದರೆ ಕೈಯಲ್ಲಿ ಎತ್ತಿಕೊಂಡು ಹೋಗುವ, ಸಾಕೆಟ್ಟುಗಳಿರುವ ದೊಡ್ಡ ಪವರ್ ಬ್ಯಾಂಕ್. 500 ವ್ಯಾಟ್ ಅವರ್‌ನದು ಒಂದು ಇದ್ದರೆ ನಷ್ಟ ಕಳೆದು 430ರ ಆಸುಪಾಸು ಕೈಗೆ ಸಿಗುತ್ತದೆ, ಅಂದರೆ ಒಂದು ದಿನದ ಫ್ರಿಜ್. ಕಾರಿನ ಯಾವ ವೈರಿಗೂ ಕೈ ಹಚ್ಚಬೇಕಿಲ್ಲ, ಮನೆಯಲ್ಲಿ ಕರೆಂಟ್ ಹೋದಾಗ ವೈಫೈಗೂ ಆಗುತ್ತದೆ. ಎರಡು ವಿಷಯ ಗಮನದಲ್ಲಿರಲಿ. ಫ್ರಿಜ್ಜನ್ನು ಅದರ 12 ವೋಲ್ಟ್ ಪೋರ್ಟಿಗೇ ಹಚ್ಚಿ. 230 ವೋಲ್ಟಿನ ಸಾಕೆಟ್ಟಿಗೆ ಅಡಾಪ್ಟರ್ ಹಾಕಿದರೆ 12ನ್ನು 230 ಮಾಡಿ ಮತ್ತೆ 12 ಮಾಡುವುದರಲ್ಲೇ ಒಂದಿಷ್ಟು ಕರೆಂಟ್ ಸುಮ್ನೆ ಬಿಸಿಯಾಗಿ ಹೋಗುತ್ತದೆ, ಇನ್ವರ್ಟರ್ ಆನ್ ಇರುವುದಕ್ಕೇ ಬೇರೆ ಖರ್ಚು. ಎರಡನೆಯದು ಇಕೋ ಮೋಡ್. ಕಂಪ್ರೆಸರ್ ನಿಂತಾಗ ಫ್ರಿಜ್ ಏನೂ ಎಳೆಯುವುದಿಲ್ಲವಲ್ಲ, ಪವರ್ ಸ್ಟೇಷನ್ 'ಯಾರೂ ಬಳಸುತ್ತಿಲ್ಲ' ಅಂದುಕೊಂಡು ಪೋರ್ಟನ್ನೇ ಆಫ್ ಮಾಡಿಬಿಡುತ್ತದೆ. ಬೆಳಿಗ್ಗೆ ನೋಡಿದರೆ ಬ್ಯಾಟರಿ 80 ಪರ್ಸೆಂಟ್ ಇದೆ, ಹಾಲು ಒಡೆದಿದೆ. ಸೆಟ್ಟಿಂಗ್ಸಿನಲ್ಲಿ ಅದನ್ನು ಆಫ್ ಮಾಡಿ ಹೊರಡಿ.

ಪವರ್ ಸ್ಟೇಷನ್ನನ್ನು ಕಾರಿನ ಸಾಕೆಟ್ಟಿನಿಂದ ಚಾರ್ಜ್ ಮಾಡಿದರೆ ಸಾಮಾನ್ಯವಾಗಿ 100 ವ್ಯಾಟ್ ಬರುತ್ತದೆ. ಅದರಲ್ಲಿ ಫ್ರಿಜ್ ತನ್ನ 20 ತೆಗೆದುಕೊಂಡರೆ ಉಳಿಯುವುದು 80. ಕೊಂಕಣದ ದಾಪೋಲಿಗೆ ಹೋಗಲು ಐದು ಗಂಟೆ ಬೇಕು ಅಂದರೆ 400 ವ್ಯಾಟ್ ಅವರ್ ತುಂಬಿತು. ಪವನಾಕ್ಕೆ ಎರಡು ಗಂಟೆಯ ದಾರಿ, 160 ಮಾತ್ರ. ಹತ್ತಿರದ ಜಾಗಕ್ಕೆ ಹೋದಷ್ಟೂ ಕಾರು ಕೊಡುವ ಕರೆಂಟ್ ಕಡಿಮೆ. ಮುಳಶಿ, ಪಾನಶೇತ್ ಅಂತ ಹತ್ತಿರ ಹೋಗುವವರು ಮನೆಯಲ್ಲೇ ಪೂರ್ತಿ ಚಾರ್ಜ್ ಮಾಡಿಕೊಂಡು ಹೋಗಬೇಕು, ದಾರಿಯಲ್ಲಿ ತುಂಬುತ್ತದೆ ಅಂತ ನಂಬಿ ಹೋಗಬಾರದು.

ಇನ್ನೊಂದು ದಾರಿ ಸರಿಯಾದ ಎರಡನೇ ಬ್ಯಾಟರಿ. ಲಿಥಿಯಂ ಐರನ್ ಫಾಸ್ಫೇಟ್, 12.8 ವೋಲ್ಟ್, 100 ಎಎಚ್ ಅಂದರೆ 1280 ವ್ಯಾಟ್ ಅವರ್, ಎರಡು ದಿನಕ್ಕೆ ಧಾರಾಳ. ಇದಕ್ಕೆ ಡಿಸಿ-ಡಿಸಿ ಚಾರ್ಜರ್ ಬೇಕು. ಹಳೆಯ ಗಾಡಿಗಳಲ್ಲಿ ಒಂದು ರಿಲೇ (ತಾನೇ ಆನ್-ಆಫ್ ಆಗುವ ಸ್ವಿಚ್) ಹಾಕಿ ಎರಡೂ ಬ್ಯಾಟರಿ ಜೋಡಿಸಿದರೆ ನಡೆಯುತ್ತಿತ್ತು, ಎಂಜಿನ್ ಜೊತೆ ತಿರುಗಿ ಕರೆಂಟ್ ಕೊಡುವ ಆಲ್ಟರ್ನೇಟರ್ ಯಾವಾಗಲೂ 14 ವೋಲ್ಟಿನ ಮೇಲೆ ಕೊಡುತ್ತಿತ್ತು. 2020ರ ಏಪ್ರಿಲ್ 1ರಿಂದ ಬಿಎಸ್6 ಹೊಗೆ ನಿಯಮ ಬಂದ ಮೇಲಿನ ಬಹಳ ಕಾರುಗಳಲ್ಲಿ ಸ್ಮಾರ್ಟ್ ಆಲ್ಟರ್ನೇಟರ್ ಇದೆ. ಇಂಧನ ಉಳಿಸಲು ಅದು ವೋಲ್ಟೇಜನ್ನು 13ಕ್ಕೂ ಕೆಳಗೆ ಇಳಿಸುತ್ತದೆ, ಬ್ರೇಕ್ ಒತ್ತಿದಾಗ ಏರಿಸುತ್ತದೆ. ಲಿಥಿಯಂ ತುಂಬಲು 14ರ ಮೇಲೆ ಬೇಕು. ಆ ವ್ಯತ್ಯಾಸ ಸರಿಮಾಡುವುದು ಡಿಸಿ-ಡಿಸಿ ಚಾರ್ಜರ್. 20 ಆಂಪ್ಸಿನದು ಇದ್ದರೆ ಗಂಟೆಗೆ 20 ಎಎಚ್, ದಾಪೋಲಿ ಮುಟ್ಟುವಷ್ಟರಲ್ಲಿ ಖಾಲಿ ಬ್ಯಾಟರಿಯೂ ಹೆಚ್ಚುಕಡಿಮೆ ತುಂಬಿರುತ್ತದೆ. ವೈರ್ ಕನಿಷ್ಠ 6 ಸ್ಕ್ವೇರ್ ಎಂಎಂ, 10 ಆದರೆ ಇನ್ನೂ ಒಳ್ಳೆಯದು. ಕಾರಿನ ಬ್ಯಾಟರಿಯ ಮೈನಸ್ಸಿನ ಮೇಲೆ ಸಣ್ಣ ಸೆನ್ಸರ್ ಕಂಡರೆ ನಿಮ್ಮ ಮೈನಸ್ ವೈರನ್ನು ಆ ಕಂಬಕ್ಕೆ ಕಟ್ಟಬೇಡಿ, ಕಾರಿನ ಲೋಹದ ಮೈಗೆ ಕೊಡಿ. ಇಲ್ಲದಿದ್ದರೆ ಎಷ್ಟು ಕರೆಂಟ್ ಹೊರಗೆ ಹೋಯಿತು ಅಂತ ಕಾರಿಗೆ ಲೆಕ್ಕ ಸಿಗುವುದಿಲ್ಲ.

ನಿಜ ಹೇಳಬೇಕೆಂದರೆ ಇಷ್ಟೆಲ್ಲ ಬೇಕಾಗುವುದು ಸ್ಪಿತಿ, ಲಡಾಖ್ ಅಂತ ವಾರಗಟ್ಟಲೆ ಹೋಗುವವರಿಗೆ. ಆಸ್ಟ್ರೇಲಿಯಾದವರ ವಿಡಿಯೋ ನೋಡಿ ನೋಡಿ ನಮ್ಮವರಿಗೂ ಡಿಕ್ಕಿ ತುಂಬ ಸ್ವಿಚ್ ಬೋರ್ಡ್ ಕೂರಿಸುವ ಹುಚ್ಚು ಬಂದಿದೆ. ಅವರಿಗೆ ಮುಂದಿನ ಊರು 500 ಕಿಲೋಮೀಟರ್ ದೂರ. ನಮಗೆ ಅರ್ಧ ಗಂಟೆ ಹೋದರೆ ವಡಾಪಾವ್ ಗಾಡಿ ಸಿಗುತ್ತದೆ, ಅದರ ಪಕ್ಕದಲ್ಲೇ ಹಾಲು, ಐಸ್ ಎಲ್ಲ ಇರುತ್ತದೆ.

ಐಸ್ ಅಂದೆನಲ್ಲ, ಈಗ ಆ ಲೆಕ್ಕ. ಒಂದು ಕೆಜಿ ಐಸ್ ಕರಗಿ ನೀರಾಗುವಾಗ 93 ವ್ಯಾಟ್ ಅವರ್‌ನಷ್ಟು ಬಿಸಿ ಎಳೆದುಕೊಳ್ಳುತ್ತದೆ. ನಾಲ್ಕು ಒಂದು ಲೀಟರಿನ ಬಾಟಲಿ ನೀರು ಮನೆಯ ಫ್ರೀಜರಿನಲ್ಲಿ ಕಲ್ಲಿನಂತೆ ಮಾಡಿಕೊಂಡು ಹೋದರೆ 370 ವ್ಯಾಟ್ ಅವರ್‌ನಷ್ಟು ತಂಪು ಪುಕ್ಕಟೆ ಸಿಕ್ಕಿತು. ಅಷ್ಟು ಬಿಸಿಯನ್ನು ಹೊರಗೆ ತಳ್ಳಲು ಫ್ರಿಜ್ಜಿಗೆ ಇನ್ನೂರು ಮುನ್ನೂರು ವ್ಯಾಟ್ ಅವರ್ ಬೇಕಾಗುತ್ತಿತ್ತು. ಅಂದರೆ ಮೊದಲ ದಿನದ ಅರ್ಧ ಖರ್ಚು ಮನೆಯ ಕರೆಂಟಿನಲ್ಲೇ ಮುಗಿಯಿತು. ಕರಗಿದ ಮೇಲೆ ಅದನ್ನೇ ಕುಡಿಯಬಹುದು. ಬಾಟಲಿ ಪೂರ್ತಿ ತುಂಬಬೇಡಿ, ನೀರು ಹೆಪ್ಪುಗಟ್ಟಿದಾಗ ಹತ್ತನೇ ಒಂದು ಪಾಲಿನಷ್ಟು ಉಬ್ಬುತ್ತದೆ.

ಇದರ ಉಲ್ಟಾ ಲೆಕ್ಕವನ್ನೂ ನೋಡಿ. ಹೊರಡುವಾಗ ಅಂಗಡಿಯಿಂದ 30 ಡಿಗ್ರಿಯ ಹತ್ತು ಲೀಟರ್ ನೀರು, ಜ್ಯೂಸ್ ತಂದು ಫ್ರಿಜ್ಜಿಗೆ ತುಂಬಿದಿರಿ. ಅದನ್ನು 5 ಡಿಗ್ರಿಗೆ ಇಳಿಸಲು 290 ವ್ಯಾಟ್ ಅವರ್‌ನಷ್ಟು ಬಿಸಿ ತೆಗೆಯಬೇಕು. ಮೂರು ಕೆಜಿ ಐಸಿನ ಕೆಲಸ ಅದು. ಕಂಪ್ರೆಸರ್ ಲೋಣಾವಳ ದಾಟಿದರೂ ನಿಲ್ಲುವುದಿಲ್ಲ. 'ಈ ಫ್ರಿಜ್ ಸರಿ ಇಲ್ಲ, ಬ್ಯಾಟರಿ ತಿನ್ನತ್ತೆ' ಅಂತ ದೂರುವವರಲ್ಲಿ ಹೆಚ್ಚಿನವರು ಇದನ್ನೇ ಮಾಡಿರುತ್ತಾರೆ. ಹಿಂದಿನ ರಾತ್ರಿಯೇ ಫ್ರಿಜ್ಜನ್ನು ಮನೆಯೊಳಗಿಟ್ಟು 230 ವೋಲ್ಟಿಗೆ ಹಚ್ಚಿ, ಮನೆಯ ಫ್ರಿಜ್ಜಿನಿಂದ ತಣ್ಣಗಿರುವುದನ್ನೇ ಅದಕ್ಕೆ ಹಾಕಿ. ಕಾರು ಓಡುವಾಗ 1 ಡಿಗ್ರಿಗೆ ಇಳಿಸಿ, ಆಗ ಕರೆಂಟ್ ಧಾರಾಳ. ನಿಲ್ಲಿಸಿದ ಮೇಲೆ 5ಕ್ಕೆ ಏರಿಸಿ. ಒಳಗಿನ ಡಿಗ್ರಿ ಅಲ್ಲಿಗೆ ಏರುವವರೆಗೆ ಕಂಪ್ರೆಸರ್ ಓಡುವುದೇ ಇಲ್ಲ. ಈ ಒಂದು ಅಭ್ಯಾಸದಿಂದ ಸಂಜೆಯ ಒಂದೆರಡು ಗಂಟೆ ಆರಾಮಾಗಿ ಕಳೆಯುತ್ತದೆ.

ಒಂದೇ ರಾತ್ರಿ ಹೋಗಿ ಬರುವವರಾದರೆ ಫ್ರಿಜ್ಜೇ ಬೇಡ ಅನ್ನುತ್ತೇನೆ ನಾನು. ದಪ್ಪ ಗೋಡೆಯ ಒಳ್ಳೆ ಐಸ್ ಬಾಕ್ಸ್, ಐದು ಕೆಜಿ ಐಸ್, ಅಷ್ಟೇ. ನಮಗೆ ಫ್ರಿಜ್ ಬೇಕಾಗಿದ್ದು ಅಮ್ಮನಿಂದ. ಅಮ್ಮ ಉಡುಪಿಯಿಂದ ಬಂದರೆ ನಮ್ಮ ಜೊತೆ ಟೆಂಟಿಗೂ ಬರುತ್ತಾರೆ, ಅವರ ಇನ್ಸುಲಿನ್ ಬರಬೇಕಲ್ಲ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಒಮ್ಮೆ ಹೆಪ್ಪುಗಟ್ಟಿದರೆ ಮತ್ತೆ ಕರಗಿಸಿ ಬಳಸುವಂತಿಲ್ಲ, ಎಸೆಯಬೇಕು. ಐಸಿಗೆ ತಾಗಿಸಿ ಇಟ್ಟರೆ ಅದೇ ಭಯ. ಕಾರು ಓಡುವಾಗ ಡಿಗ್ರಿ ಇಳಿಸುವ ಉಪಾಯವೂ ಇನ್ಸುಲಿನ್ ಇದ್ದಾಗ ಬೇಡ, 5ರಲ್ಲೇ ಬಿಡಿ. ಫ್ರಿಜ್ಜಿನ ಡಿಸ್‌ಪ್ಲೇ ಹೇಳುವುದು ಅದರ ಸೆನ್ಸರ್ ಇರುವ ಜಾಗದ ಲೆಕ್ಕ ಮಾತ್ರ. ತಂಪು ಬರುವ ಗೋಡೆಯ ಪಕ್ಕ ಅದಕ್ಕಿಂತ ಕೆಳಗೆ ಹೋಗಬಹುದು. ನಾವು ಇನ್ಸುಲಿನ್ನನ್ನು ಬಟ್ಟೆ ಸುತ್ತಿದ ಡಬ್ಬಿಯಲ್ಲಿ, ಮೇಲಿನ ಬುಟ್ಟಿಯಲ್ಲಿ ಇಡುತ್ತೇವೆ. ಜೊತೆಗೊಂದು ಸಣ್ಣ ಥರ್ಮಾಮೀಟರ್.

ಆಮೇಲೆ ಮೀನಿನ ವಿಷಯ. ದಾಪೋಲಿ ಹತ್ತಿರ ಹರ್ಣೈ ಬಂದರಿನಲ್ಲಿ ಮೀನು ಹರಾಜು ನಡೆಯುತ್ತದೆ. ಕರಾವಳಿಯವನು ಅಲ್ಲಿಗೆ ಹೋಗಿ ಬಂಗುಡೆ, ಅಂಜಲ್ ತರದೆ ಬರಲು ಸಾಧ್ಯವೇ? ಆದರೆ ನನ್ನ ಹೆಂಡತಿ ಧಾರವಾಡದವಳು. 'ಮೊಸರಿನ ಬಾಜೂಕ ಮೀನ ಇಟ್ರ ಫ್ರಿಜ್ಜೂ ಹೊರಗ, ನೀವೂ ಹೊರಗ' ಅಂತ ಖಡಾಖಂಡಿತ ಹೇಳಿಬಿಟ್ಟಿದ್ದಾಳೆ. ಒಳ್ಳೆಯದೇ ಆಯಿತು, ಮೀನಿಗೆ ಬೇಕಾದ್ದು 0 ಡಿಗ್ರಿ, ಪುಡಿ ಐಸಿನಷ್ಟು ಚೆನ್ನಾಗಿ ಅದನ್ನು ಕಾಯುವ ಫ್ರಿಜ್ ಇಲ್ಲ. ಐಸ್ ಬಂದರಿನಲ್ಲೇ ಸಿಗುತ್ತದೆ. ಮೀನು ಥರ್ಮಾಕೋಲ್ ಡಬ್ಬದಲ್ಲಿ, ಮೊಸರು ಫ್ರಿಜ್ಜಿನಲ್ಲಿ, ಮನೆಯಲ್ಲಿ ಶಾಂತಿ.

ಫ್ರಿಜ್ಜನ್ನು ಕಾರಿನಲ್ಲಿ ಎಲ್ಲಿ ಇಡುತ್ತೀರಿ ಅನ್ನುವುದೂ ಕರೆಂಟಿನ ವಿಷಯವೇ. ಅದರ ಪಕ್ಕದಲ್ಲಿ ಜಾಲರಿ ಇರುತ್ತದೆ, ಅಲ್ಲಿಂದ ಬಿಸಿ ಹೊರಗೆ ಬರುತ್ತದೆ. ಅದಕ್ಕೆ ಹಾಸಿಗೆ, ಬ್ಯಾಗು ಒತ್ತಿ ತುಂಬಿದರೆ ತಾನು ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಂಡು ಓಡುತ್ತಲೇ ಇರುತ್ತದೆ. ಒಂದು ಗೇಣು ಜಾಗ ಬಿಡಿ. ಮುಚ್ಚಿದ ಕಾರು ಬಿಸಿಲಿಗೆ ನಿಂತರೆ ಒಳಗೆ 60 ಡಿಗ್ರಿ ಮುಟ್ಟುವುದು ದೊಡ್ಡ ಮಾತಲ್ಲ. ಕ್ಯಾಂಪ್ ಹಾಕಿದ ಮೇಲೆ ಫ್ರಿಜ್ಜನ್ನೂ ಪವರ್ ಸ್ಟೇಷನ್ನನ್ನೂ ಕೆಳಗಿಳಿಸಿ ಮರದ ನೆರಳಿಗೆ ತಂದುಬಿಡಿ. ಲಿಥಿಯಂ ಬ್ಯಾಟರಿಗೂ ಆ ಸೆಕೆ ಒಳ್ಳೆಯದಲ್ಲ, ಬಹಳಷ್ಟು ಬ್ಯಾಟರಿಗಳನ್ನು 45 ಡಿಗ್ರಿಯ ಮೇಲೆ ಚಾರ್ಜ್ ಮಾಡಬಾರದು ಅಂತ ಅದರ ಪುಸ್ತಕದಲ್ಲೇ ಬರೆದಿರುತ್ತದೆ.

ಸೋಲಾರ್ ಬಗ್ಗೆ ಎರಡೇ ಮಾತು. ಚಳಿಗಾಲದ ಒಳ್ಳೆ ಬಿಸಿಲಿನಲ್ಲಿ 100 ವ್ಯಾಟಿನ ಪ್ಯಾನೆಲ್ ದಿನಕ್ಕೆ 400 ವ್ಯಾಟ್ ಅವರ್ ಹತ್ತಿರ ಕೊಡುತ್ತದೆ. ಅಂದರೆ ಫ್ರಿಜ್ಜಿನ ದಿನದ ಖರ್ಚು ಹೆಚ್ಚುಕಡಿಮೆ ಬಂದುಬಿಟ್ಟಿತು. ಎರಡು ರಾತ್ರಿಗಿಂತ ಜಾಸ್ತಿ ಒಂದೇ ಕಡೆ ಇರುವವರಿಗೆ ಇದು ಸರಿ. ಮಡಚುವ ಪ್ಯಾನೆಲ್ ತಗೊಳ್ಳಿ, ಕಾರಿನ ತಲೆಯ ಮೇಲೆ ಕೂರಿಸಿದರೆ ಪ್ಯಾನೆಲ್ಲಿಗಾಗಿ ಕಾರನ್ನೂ ಬಿಸಿಲಲ್ಲೇ ನಿಲ್ಲಿಸಬೇಕಾಗುತ್ತದೆ. ಭಂಡಾರದರಾಕ್ಕೆ ಮಿಂಚುಹುಳ ನೋಡಲು ಹೋಗುವುದು ಮಳೆ ಶುರುವಾಗುವ ಹೊತ್ತಿಗೆ, ಆಗ ಮೋಡ. ಪ್ಯಾನೆಲ್ ಮನೆಯಲ್ಲೇ ಇರಲಿ.

ಕೆಲವರು ರಾತ್ರಿ ಮಧ್ಯೆ ಎದ್ದು ಅರ್ಧ ಗಂಟೆ ಎಂಜಿನ್ ಓಡಿಸುತ್ತಾರೆ, ಬ್ಯಾಟರಿ ತುಂಬಲಿ ಅಂತ. ಐಡಲ್‌ನಲ್ಲಿ ಆಲ್ಟರ್ನೇಟರ್ ಪೂರ್ತಿ ಶಕ್ತಿ ಕೊಡುವುದಿಲ್ಲ, ಪೆಟ್ರೋಲ್ ಸುಮ್ನೆ ಖರ್ಚು, ಪಕ್ಕದ ಟೆಂಟಿನವರ ನಿದ್ದೆಯೂ ಹಾಳು. ಇದಕ್ಕಿಂತ ಮುಖ್ಯವಾದದ್ದು, ನಿಂತ ಕಾರಿನೊಳಗೆ ಎಸಿ ಹಾಕಿ ಎಂಜಿನ್ ಓಡಿಸಿಕೊಂಡು ಯಾರೂ ಮಲಗಬಾರದು, ಟೆಂಟಿನ ಪಕ್ಕದಲ್ಲಿ ಸೈಲೆನ್ಸರ್ ಇರುವ ಹಾಗೆ ನಿಲ್ಲಿಸಿ ಓಡಿಸಲೂಬಾರದು. ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಇದನ್ನು ಮಾತ್ರ ತಮಾಷೆಯಾಗಿ ತಗೊಳ್ಳಬೇಡಿ.

ಎಲೆಕ್ಟ್ರಿಕ್ ಕಾರಿನವರು ಇಷ್ಟು ಓದಿ ನಗುತ್ತಿರಬಹುದು. 2023ರಲ್ಲಿ ಬಂದ ಹೊಸ ನೆಕ್ಸಾನ್ ಇವಿ, ಅಯೋನಿಕ್ 5 ಇಂಥವುಗಳಲ್ಲಿ ಕಾರಿನ ದೊಡ್ಡ ಬ್ಯಾಟರಿಯಿಂದಲೇ 230 ವೋಲ್ಟ್ ಹೊರಗೆ ಸಿಗುತ್ತದೆ. 40 ಯುನಿಟ್ಟಿನ ಬ್ಯಾಟರಿಯಲ್ಲಿ ಅರ್ಧ ಯುನಿಟ್ ಫ್ರಿಜ್ಜಿಗೆ ಹೋದರೆ ಯಾರಿಗೆ ಗೊತ್ತಾಗುತ್ತದೆ? ನಮ್ಮ ಪಕ್ಕದ ಬ್ಲಾಕಿನವರು ಅದರಲ್ಲಿ ಇಂಡಕ್ಷನ್ ಒಲೆಯನ್ನೇ ಹಚ್ಚಿ ಇಡ್ಲಿ ಬೇಯಿಸುತ್ತಾರೆ.

ಕೊನೆಗೆ, ತಗೊಳ್ಳಬೇಕೆಂದಿರುವವರಿಗೆ ಸೈಜ್. 60 ಲೀಟರ್ ಬೇಡ. ನಾಲ್ಕು ಜನಕ್ಕೆ ಎರಡು ರಾತ್ರಿಗೆ 30-40 ಸಾಕು. ದೊಡ್ಡದು ಕೊಂಡರೆ ಅದನ್ನು ತುಂಬಿಸಲು ತಣ್ಣಗಾಗದ ನೀರಿನ ಬಾಟಲಿಗಳನ್ನೇ ಹೊರುತ್ತೀರಿ, ಮೇಲೆ ಹೇಳಿದ ಲೆಕ್ಕ ಅಲ್ಲೇ ಕೆಡುತ್ತದೆ. ಮಳೆಗಾಲದಲ್ಲಿ ಬಳಸದೆ ಇಡುವುದಾದರೆ ಒಳಗೆ ಒರೆಸಿ, ಮುಚ್ಚಳದ ಅಂಚಿಗೆ ಒಂದು ಬಟ್ಟೆ ಸಿಕ್ಕಿಸಿ ಸ್ವಲ್ಪ ತೆರೆದಿಡಿ, ಪುಣೆಯ ಜುಲೈನಲ್ಲಿ ಮುಚ್ಚಿಟ್ಟ ಡಬ್ಬಕ್ಕೆ ಬೂಷ್ಟು ಗ್ಯಾರಂಟಿ. ಲಿಥಿಯಂ ಬ್ಯಾಟರಿಯನ್ನು ಪೂರ್ತಿ ತುಂಬಿಯೂ ಬೇಡ, ಖಾಲಿಯೂ ಬೇಡ, ಅರ್ಧ ಚಾರ್ಜಿನಲ್ಲಿ ಎತ್ತಿಡಿ.